ಅಂಗಳ, ಜಗಲಿ, ಶಾಲೆ: ಒಬ್ಬ ಹುಡುಗಿಯ ಇಪ್ಪತ್ತೈದು ನಿಮಿಷದ ಬಾಸ್ಕೆಟ್‌ಬಾಲ್ ಪ್ರಾಕ್ಟೀಸ್

ಟೀಮ್ ಪ್ರಾಕ್ಟೀಸಿಗೆ ಕೊನೆವರೆಗೆ ನಿಲ್ಲಲಾಗದ ಮಕ್ಕಳು ಮಲೆನಾಡಿನಲ್ಲಿ ತುಂಬಾ ಇದ್ದಾರೆ. ಶಾಲೆ ಬಿಟ್ಟ ಮುಕ್ಕಾಲು ಗಂಟೆಗೆ ಬಸ್ಸು. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಉಳಿದವರು ಎರಡು ಟೀಮ್ ಮಾಡಿಕೊಂಡು ಆಡಲು ಶುರು ಮಾಡುವ ಹೊತ್ತಿಗೆ ಇವರು ಬ್ಯಾಗ್ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಓಡುತ್ತಾರೆ. ಇಂಥವರು ಆಟದಲ್ಲಿ ಹಿಂದೆ ಬೀಳಬಾರದು ಅಂದರೆ ಒಬ್ಬೊಬ್ಬರೇ ಮಾಡಿಕೊಳ್ಳುವ ಚಿಕ್ಕ ಪ್ರಾಕ್ಟೀಸ್ ಬೇಕು. ಅದನ್ನು ಹೇಗೆ ಹೊಂದಿಸಬಹುದು ಅನ್ನುವುದಕ್ಕೆ ಒಬ್ಬ ಹುಡುಗಿಯ ಒಂದು ವರ್ಷವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವನು. ಹುಡುಗಿಯ ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ. ಓದುವುದು ತೀರ್ಥಹಳ್ಳಿಯಲ್ಲಿ. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಎಂಟನೇ ಕ್ಲಾಸ್ ಮುಗಿಸಿ ಒಂಬತ್ತಕ್ಕೆ ಹೋಗುವ ಬೇಸಿಗೆ ಅದು. ಟೀಮಿನಲ್ಲಿ ಪಾಯಿಂಟ್ ಗಾರ್ಡ್. ಚೆಂಡನ್ನು ಮುಂದೆ ತರುವುದು, ಆಟ ನಡೆಸುವುದು ಅವಳ ಕೆಲಸ. ಅವಳ ಶಾಲೆಯ ಪಿ.ಟಿ. ಮೇಷ್ಟ್ರು ನನಗೆ ಪರಿಚಯ. ಅವರೇ ಫೋನ್ ಮಾಡಿ, "ಈ ಹುಡುಗಿಗೆ ಮನೆಯಲ್ಲಿ ಮಾಡುವಂಥದ್ದು ಏನಾದ್ರೂ ಬರೆದುಕೊಡಿ" ಎಂದರು.

ಪುಟ್ಟಿಯ ಕೈಯಲ್ಲಿ ಆಗಲೇ ಒಂದು ಪಟ್ಟಿ ಇತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ಬರೆದುಕೊಂಡದ್ದು. ಎರಡು ಚೆಂಡಿನ ಡ್ರಿಬಲ್ (ಚೆಂಡನ್ನು ನೆಲಕ್ಕೆ ಕುಟ್ಟುತ್ತ ಸಾಗುವುದು), ಹಗ್ಗದಾಟ, ಕೋರ್ಟಿನ ಏಳು ಜಾಗದಿಂದ ಶೂಟಿಂಗ್, ಕೊನೆಗೆ ಮೂರು ಪಾಯಿಂಟ್ ಶಾಟ್ ನೂರು ಸಲ. ಎಲ್ಲಾ ಸೇರಿ ಒಂದೂವರೆ ಗಂಟೆಗೆ ಕಮ್ಮಿಯಿಲ್ಲ. ನಾಲ್ಕು ದಿನ ಮಾಡುತ್ತಿದ್ದಳು, ಆಮೇಲೆ ಒಂದು ದಿನ ತಪ್ಪುತ್ತಿತ್ತು. ತಪ್ಪಿದ ಬೇಜಾರಿಗೆ ವಾರವಿಡೀ ಬಿಡುತ್ತಿದ್ದಳು. ಇದನ್ನು ಸೋಮಾರಿತನ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಪಟ್ಟಿ ಬರೆದವರಿಗೆ ಇನ್‌ಡೋರ್ ಕೋರ್ಟ್ ಇತ್ತು, ಚೆಂಡು ಹೆಕ್ಕಿಕೊಡಲು ಜನ ಇದ್ದರು, ಬಸ್ಸಿನ ಗಡಿಬಿಡಿ ಇರಲಿಲ್ಲ. ಮಗುವಿನ ದಿನ ಹೇಗಿದೆ ಅಂತ ನೋಡದೆ ಮಾಡಿದ ಪ್ಲಾನ್ ಎಷ್ಟೇ ಚೆನ್ನಾಗಿದ್ದರೂ ಮೂರನೇ ವಾರ ದಾಟುವುದಿಲ್ಲ.

ಅದಕ್ಕೇ ನಾನು ಡ್ರಿಲ್‌ಗಳ ಹೆಸರು ಎತ್ತಲೇ ಇಲ್ಲ. ಮೊದಲು ಅವಳ ವರ್ಷ ಹೇಗಿರುತ್ತದೆ ಅಂತ ಕೇಳಿದೆ.

ಮನೆ ಮುಂದೆ ಸಿಮೆಂಟಿನ ಅಂಗಳ ಇದೆ. ಅಡಿಕೆ ಒಣಗಿಸುವುದಕ್ಕೆ ಮಾಡಿಸಿದ್ದು. ಅದರ ಒಂದು ಅಂಚಿಗೆ ಅವಳ ಅಪ್ಪ ಕಬ್ಬಿಣದ ಪೈಪ್ ನೆಟ್ಟು, ಪೇಟೆಯಲ್ಲಿ ವೆಲ್ಡಿಂಗ್ ಮಾಡಿಸಿದ ರಿಂಗನ್ನು ಪ್ಲೈವುಡ್ ಹಲಗೆಗೆ ಹಾಕಿ ಕೂರಿಸಿದ್ದರು. ಮಗಳ ಮೇಲಿನ ಅಕ್ಕರೆ ಆ ಕಂಬದಲ್ಲೇ ಕಾಣುತ್ತಿತ್ತು. ಆದರೆ ಈ ಅಂಗಳ ವರ್ಷಪೂರ್ತಿ ಸಿಗುವುದಿಲ್ಲ. ಜೂನಿನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಅಲ್ಲಿ ಪಾಚಿ. ಕಾಲಿಟ್ಟರೆ ಜಾರುತ್ತದೆ, ಓಡಾಡಲು ಅಡಿಕೆ ಮರ ಸೀಳಿದ ದಬ್ಬೆ ಹಾಸಿರುತ್ತಾರೆ. ಮಳೆ ಬಿಟ್ಟು ಅಂಗಳ ಕೆರೆದು ತೊಳೆಯುವ ಹೊತ್ತಿಗೆ ಕೊಯ್ಲು ಬಂತು. ಆಮೇಲೆ ಜನವರಿ ಮುಗಿಯುವವರೆಗೆ ಅಂಗಳದ ತುಂಬ ಅಡಿಕೆ. ಸಂಜೆ ಮನೆಮಂದಿಯೆಲ್ಲ ಸುಲಿಯಲು ಕೂರುತ್ತಾರೆ, ಪುಟ್ಟಿಯೂ ಕೂರುತ್ತಾಳೆ. ಅಂದರೆ ರಿಂಗ್ ಇರುವ ಅಂಗಳ ನಿಜವಾಗಿ ಸಿಗುವುದು ಫೆಬ್ರವರಿಯಿಂದ ಮೇ ತನಕ. ಅದರಲ್ಲೂ ಮಾರ್ಚ್ ಪರೀಕ್ಷೆಗೆ ಹೋಯಿತು.

ಇನ್ನೊಂದು ಕಡೆ ಶಾಲೆಗಳ ನಡುವಿನ ಪಂದ್ಯಗಳು ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಬರುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ. ಅಂಗಳ ಕೈಕೊಡುವ ಕಾಲದಲ್ಲೇ ಪಂದ್ಯ. ಮಲೆನಾಡಿನಲ್ಲಿ ಆಟ ಹೇಳಿಕೊಡುವವರು ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಇಡಬೇಕು. ನಮ್ಮಲ್ಲಿ ಪ್ಲಾನ್ ತಯಾರಾಗುವುದು ಕ್ಯಾಲೆಂಡರಿನ ವಾರಗಳಿಗೆ ಹೊಂದಿಕೊಂಡಲ್ಲ. ಮಳೆ ಮತ್ತು ಅಡಿಕೆ ಹೇಳಿದಂತೆ.

ಒಂದು ಮ್ಯಾಚ್ ನೋಡಿದ್ದು

ಪಕ್ಕದ ಶಾಲೆಯ ಜೊತೆ ಅವರದ್ದೊಂದು ಸ್ನೇಹ ಪಂದ್ಯ ಇತ್ತು. ಹೋಗಿ ಕೂತು ಪುಟ್ಟಿಯೊಬ್ಬಳನ್ನೇ ನೋಡಿದೆ. ಚೆಂಡು ಎಲ್ಲಿ ಹೋಗುತ್ತಿದೆ ಅನ್ನುವುದನ್ನು ಬಿಟ್ಟು ಒಬ್ಬ ಆಟಗಾರ್ತಿಯ ಕಾಲು, ಕೈ, ಕಣ್ಣು ಮಾತ್ರ ನೋಡಿದರೆ ಕಾಣುವುದೇ ಬೇರೆ.

ಪಾಸ್ ಕೊಡುವ ಕಣ್ಣು ಅವಳಿಗೆ ಹುಟ್ಟಿನಿಂದ ಬಂದಿದೆ ಅನ್ನಿಸಿತು. ಯಾರು ಖಾಲಿ ಇದ್ದಾರೆ ಅಂತ ಉಳಿದವರಿಗಿಂತ ಒಂದು ಕ್ಷಣ ಮೊದಲೇ ಗೊತ್ತಾಗುತ್ತದೆ. ಆದರೆ ನುಗ್ಗುವುದು ಬರೀ ಬಲಕ್ಕೆ. ಎದುರು ತಂಡದ ಹುಡುಗಿ ಎರಡನೇ ಕ್ವಾರ್ಟರ್‌ನಲ್ಲೇ ಇದನ್ನು ಕಂಡುಕೊಂಡು ಬಲಗಡೆ ಅಡ್ಡ ನಿಂತಳು. ಎಡಕ್ಕೆ ತಿರುಗಬೇಕಾದಾಗಲೆಲ್ಲ ಪುಟ್ಟಿ ಎರಡು ಡ್ರಿಬಲ್ ಹೊಡೆದು ಚೆಂಡು ಹಿಡಿದುಬಿಡುತ್ತಿದ್ದಳು. ಹಿಡಿದ ಮೇಲೆ ಮತ್ತೆ ಡ್ರಿಬಲ್ ಮಾಡುವಂತಿಲ್ಲ. ಅಲ್ಲಿಗೆ ಆಟ ನಿಂತಿತು. ಒಮ್ಮೆ ಎಡಗಡೆಯಿಂದ ರಿಂಗಿನ ಹತ್ತಿರ ಹೋದರೂ ಬಲಗೈಯಲ್ಲೇ ಲೇಅಪ್ (ಓಡಿ ಬಂದು ಹಾರಿ ಹತ್ತಿರದಿಂದ ಹಾಕುವ ಶಾಟ್) ಹಾಕಲು ಹೋಗಿ ಚೆಂಡು ಬೋರ್ಡಿನ ಅಡಿಗೆ ಬಡಿಯಿತು. ಇನ್ನು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಯಾರೂ ಅಡ್ಡ ಬರದೆ ಗೆರೆಯಿಂದ ಹಾಕುವ ಶಾಟ್. ಮೊದಲಾರ್ಧದಲ್ಲಿ ಹಾಕಿದ್ದು ಸರಿಯಾಗಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಹಾಕಿದ್ದೆಲ್ಲ ರಿಂಗಿನ ಮುಂಭಾಗಕ್ಕೆ ತಾಗಿ ವಾಪಸ್ ಬಂತು. ಗುರಿ ನೇರವಾಗಿಯೇ ಇತ್ತು, ದೂರ ಸಾಲುತ್ತಿರಲಿಲ್ಲ. ಸುಸ್ತಾದಾಗ ಮಂಡಿ ಬಗ್ಗುವುದು ನಿಲ್ಲುತ್ತದೆ, ಬರೀ ಕೈಯಿಂದ ಎಸೆಯುತ್ತಾರೆ. ಅದರ ಲಕ್ಷಣ ಇದು.

ಮ್ಯಾಚ್ ಮುಗಿದ ಮೇಲೆ ಅವಳನ್ನೇ ಕೇಳಿದೆ, "ನಿಂಗೆ ಏನು ಕಲೀಬೇಕು ಅನ್ನಿಸ್ತದೆ?"

"ಮೂರು ಪಾಯಿಂಟ್ ಶಾಟ್, ಸರ್."

ಎಲ್ಲರ ಉತ್ತರವೂ ಅದೇ. ಮೂರು ಪಾಯಿಂಟಿನ ಗೆರೆ ರಿಂಗಿನಿಂದ 6.75 ಮೀಟರ್ ದೂರ. ಅವಳ ಈಗಿನ ಬಲಕ್ಕೆ ಅಲ್ಲಿಂದ ಹಾಕಬೇಕಾದರೆ ಚೆಂಡನ್ನು ಸೊಂಟದ ಹತ್ತಿರಕ್ಕೆ ಇಳಿಸಿ, ಮೈ ತಿರುಚಿ ಎಸೆಯಬೇಕು. ಹಾಗೆ ಎಸೆದು ಎಸೆದು ಕೈ ಅದಕ್ಕೇ ಒಗ್ಗಿದರೆ ಹತ್ತಿರದ ಶಾಟೂ ಕೆಡುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಅವಳು ತಲೆಯಾಡಿಸುತ್ತಿದ್ದಳು ಅಷ್ಟೇ. ಅದಕ್ಕೆ ಅವಳ ಮೊಬೈಲಿನಲ್ಲೇ ಎರಡು ಶಾಟ್ ವಿಡಿಯೋ ತೆಗೆದು ತೋರಿಸಿದೆ. ಒಂದು ರಿಂಗಿನ ಹತ್ತಿರದ್ದು, ಇನ್ನೊಂದು ಗೆರೆಯಾಚೆಯದ್ದು. ನೋಡಿ ಅವಳೇ, "ಎರಡೂ ಬೇರೆಯವರು ಹಾಕಿದ ಹಾಗೆ ಕಾಣ್ತದೆ ಸರ್" ಎಂದಳು. ಆ ವರ್ಷಕ್ಕೆ ಮೂರು ಪಾಯಿಂಟ್ ಬೇಡ ಅಂತ ಅಲ್ಲೇ ಇಬ್ಬರೂ ಒಪ್ಪಿಕೊಂಡೆವು.

ಉಳಿದದ್ದು ಎರಡು. ಮೊದಲು ಎಡಗೈ, ಅದರ ಜೊತೆಗೆ ಸುಸ್ತಾದಾಗಿನ ಫ್ರೀ ಥ್ರೋ. ಬೇರೇನೂ ಬೇಡ. ಚಿಕ್ಕ ಪ್ರಾಕ್ಟೀಸಿನಲ್ಲಿ ಏನು ಬಿಡುತ್ತೇವೆ ಅನ್ನುವುದೇ ಮುಖ್ಯ ಕೆಲಸ. ಇಪ್ಪತ್ತೈದು ನಿಮಿಷಕ್ಕೆ ಐದು ವಿಷಯ ತುರುಕಿದರೆ ಒಂದೊಂದಕ್ಕೆ ಐದು ನಿಮಿಷ ಸಿಗುತ್ತದೆ. ಅದರಲ್ಲಿ ಕೈ ಬಿಸಿಯಾಗುವುದೂ ಇಲ್ಲ.

ಮಂಡಿ, ಚೆಂಡು, ರಿಂಗ್

ಶುರು ಮಾಡುವ ಮೊದಲು ಮೂರು ವಿಷಯ ಸರಿಮಾಡಬೇಕಿತ್ತು.

ಪುಟ್ಟಿ ಒಂದು ವರ್ಷದಲ್ಲಿ ಚೆನ್ನಾಗಿ ಎತ್ತರ ಬೆಳೆದಿದ್ದಳು. ಕೇಳಿದರೆ, ಮಂಡಿಚಿಪ್ಪಿನ ಕೆಳಗೆ ಒಂದು ಉಬ್ಬು, ಮುಟ್ಟಿದರೆ ನೋವು, ಹಾರಿ ಇಳಿದ ದಿನ ಜಾಸ್ತಿ. ಮನೆಯಲ್ಲಿ ಹೇಳಿರಲಿಲ್ಲ, ಹೇಳಿದರೆ ಆಟ ಬಿಡಿಸುತ್ತಾರೆ ಅನ್ನುವ ಹೆದರಿಕೆ. ಅಪ್ಪನಿಗೆ ನಾನೇ ಹೇಳಿ, ಎಲುಬಿನ ಡಾಕ್ಟರಿಗೆ ತೋರಿಸಿದೆವು. ಆಸ್‌ಗುಡ್-ಶ್ಲಾಟರ್ ಅಂದರು. ಬೆಳೆಯುವ ವಯಸ್ಸಿನಲ್ಲಿ, ಅದರಲ್ಲೂ ಹಾರುವ, ಓಡುವ ಆಟದ ಮಕ್ಕಳಲ್ಲಿ ಇದು ಸಾಮಾನ್ಯ. ತೊಡೆಯ ಮುಂಭಾಗದ ಸ್ನಾಯು ಮಂಡಿಯ ಕೆಳಗಿನ ಕಾಲಿನ ಎಲುಬಿಗೆ ಸೇರುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದನ್ನೇ ಮತ್ತೆ ಮತ್ತೆ ಎಳೆದರೆ ನೋವು ಬರುತ್ತದೆ. ಬೆಳವಣಿಗೆ ನಿಂತಾಗ ಹೆಚ್ಚಿನವರಿಗೆ ತಾನಾಗಿ ಕಮ್ಮಿಯಾಗುತ್ತದೆ. ಅಲ್ಲಿಯವರೆಗೆ ನೋವು ನೋಡಿಕೊಂಡು ಹಾರಾಟ ಕಮ್ಮಿ ಮಾಡಿ, ಆಟ ಬಿಡುವುದು ಬೇಡ ಅಂದರು ಡಾಕ್ಟರ್. ಹುಡುಗಿಯ ಮುಖ ಆಗ ಅರಳಿತು. ಮಕ್ಕಳು ನೋವು ಮುಚ್ಚಿಡುವುದು ಇಂಥ ಹೆದರಿಕೆಗೇ. ಹದಿಹರೆಯದವರಿಗೆ ಪ್ರಾಕ್ಟೀಸ್ ಬರೆದುಕೊಡುವವರು "ಎಲ್ಲಾದ್ರೂ ನೋವಿದೆಯಾ" ಅಂತ ಕೇಳಿ ಸುಮ್ಮನಾಗಬಾರದು. "ನೋವು ಅಂದ್ರೆ ಆಟ ಬಿಡಿಸಲ್ಲ" ಅಂತ ಮೊದಲು ಹೇಳಿ, ಆಮೇಲೆ ಕೇಳಬೇಕು.

ಅವಳು ಖೋಖೋ ಟೀಮಿನಲ್ಲೂ ಇದ್ದಳು. ವಾರಕ್ಕೆ ಎಷ್ಟು ಗಂಟೆ ಮೈ ದಣಿಯುತ್ತದೆ ಅಂತ ಕೂಡಿಸಿದೆವು. ಖೋಖೋ, ಪಿ.ಟಿ. ಪೀರಿಯಡ್, ಬಾಸ್ಕೆಟ್‌ಬಾಲ್, ಎಲ್ಲಾ. ಮಕ್ಕಳ ಕ್ರೀಡಾ ವೈದ್ಯರು ಹೇಳುವ ಒಂದು ಅಂದಾಜಿನ ಲೆಕ್ಕ ಇದೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು, ವಾರಕ್ಕೆ ಕಡೇಪಕ್ಷ ಒಂದು ದಿನ ಪೂರ್ತಿ ಬಿಡುವು ಬೇಕು. ಪುಟ್ಟಿಯ ಲೆಕ್ಕ ಅದರೊಳಗೇ ಇತ್ತು, ಆದರೆ ಅವಳಿಗೆ ಬಿಡುವಿನ ದಿನವೇ ಇರಲಿಲ್ಲ. ಭಾನುವಾರ ಬಿಡುವು ಅಂತ ನಿಗದಿ ಮಾಡಿದೆವು. ಖೋಖೋ ಜೋರಾಗಿ ನಡೆದ ದಿನ ಮನೆಯಲ್ಲಿ ಹಾರುವ ಕೆಲಸ ಇಲ್ಲ.

ಆಮೇಲೆ ಚೆಂಡು. ಅಣ್ಣನ ಹಳೆಯ ರಬ್ಬರ್ ಚೆಂಡಿನಲ್ಲಿ ಆಡುತ್ತಿದ್ದಳು. ಅದು ಗಂಡಸರ ಆಟದ 7ನೇ ಸೈಜ್, ತೂಕ 600 ಗ್ರಾಂ ಹತ್ತಿರ. ಹುಡುಗಿಯರು ಆಡುವುದು 6ನೇ ಸೈಜಿನಲ್ಲಿ. ಅದರ ಸುತ್ತಳತೆ ಸುಮಾರು ಒಂದು ಇಂಚು ಕಮ್ಮಿ, ತೂಕವೂ ಕಮ್ಮಿ. "ಭಾರದ ಚೆಂಡಿನಲ್ಲಿ ಕಲಿತರೆ ಹಗುರದ್ದು ಸುಲಭ ಆಗ್ತದೆ ಅಲ್ವಾ" ಎಂದರು ಅಪ್ಪ. ತೋಳಿನ ಬಲಕ್ಕೆ ಆ ಮಾತು ಸರಿಯಿರಬಹುದು. ಶಾಟಿಗೆ ಸರಿಯಲ್ಲ. ಬೆರಳು ಚೆಂಡನ್ನು ಬಿಡುವ ಹದ ಅದರ ಗಾತ್ರ, ತೂಕದ ಮೇಲೆ ಕೂರುತ್ತದೆ. ಶಿವಮೊಗ್ಗದಿಂದ 6ನೇ ಸೈಜಿನದ್ದು ತಂದೆವು.

ರಿಂಗ್ ನೆಲದಿಂದ 3.05 ಮೀಟರ್, ಅಂದರೆ ಹತ್ತು ಅಡಿ ಎತ್ತರ ಇರಬೇಕು. ಟೇಪ್ ಹಿಡಿದು ನೋಡಿದರೆ ಅವರ ಅಂಗಳದ್ದು ಅರ್ಧ ಗೇಣು ಕೆಳಗಿತ್ತು. ನೀರು ಹರಿಯಲಿ ಅಂತ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಕಂಬ ಇದ್ದದ್ದು ತಗ್ಗಿನ ಅಂಚಿನಲ್ಲಿ, ಆಡುವ ಜಾಗ ಅದಕ್ಕಿಂತ ಮೇಲೆ. ಅಪ್ಪ ಅದೇ ವಾರ ಪೈಪಿಗೆ ಇನ್ನೊಂದು ತುಂಡು ಕೂಡಿಸಿ ಎತ್ತರಿಸಿದರು. ಬೋರ್ಡಿನ ಮೇಲೆ ಚೌಕ ಇರಲಿಲ್ಲ. 59 ಸೆಂಟಿಮೀಟರ್ ಅಗಲ, 45 ಎತ್ತರಕ್ಕೆ ಅಳತೆ ಹಿಡಿದು ಪೇಂಟಿನಲ್ಲಿ ಬರೆದೆವು. ಲೇಅಪ್ ಹಾಕುವವರಿಗೆ ಆ ಚೌಕದ ಮೇಲಿನ ಮೂಲೆಯೇ ಗುರಿ. ಬೋರ್ಡಿನ ಮುಖದಿಂದ 4.6 ಮೀಟರಿಗೆ ಸುಣ್ಣದಲ್ಲಿ ಫ್ರೀ ಥ್ರೋ ಗೆರೆ ಎಳೆದೆವು.

ಅಂಗಳದ ಇಪ್ಪತ್ತೈದು ನಿಮಿಷ

ಪ್ಲಾನ್ ಅನ್ನು ಸೋಮವಾರ, ಮಂಗಳವಾರ ಅಂತ ಬರೆಯಲಿಲ್ಲ. ಜಾಗಕ್ಕೆ ತಕ್ಕಂತೆ ಮೂರು ಬರೆದೆವು. ಅಂಗಳದ್ದು, ಜಗಲಿಯದ್ದು, ಶಾಲೆಯದ್ದು. ಇವತ್ತು ಯಾವ ಜಾಗ ಸಿಕ್ಕಿತೋ ಅದರ ಪಾಠ. ವಾರಕ್ಕೆ ನಾಲ್ಕು ಸಲ ಆದರೆ ಸಾಕು. ತಪ್ಪಿದ್ದನ್ನು ಮರುದಿನ ಸೇರಿಸಿ ಎರಡರಷ್ಟು ಮಾಡುವಂತಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಊರಾದ್ದರಿಂದ ಎಲ್ಲವೂ ನೋಟ್‌ಬುಕ್ಕಿನಲ್ಲಿ.

ಅಂಗಳದ ಪಾಠ ಹೀಗಿತ್ತು. ಮೊದಲ ನಾಲ್ಕು ನಿಮಿಷ ಮೈ ಬಿಸಿ. ನಿಧಾನ ಓಟ, ಅಡ್ಡ ಹೆಜ್ಜೆ, ಕಾಲು ಬೀಸುವುದು, ಕೊನೆಗೆ ಆರೇಳು ಸಲ ಚಿಕ್ಕದಾಗಿ ಹಾರಿ ಸದ್ದಿಲ್ಲದೆ ಇಳಿಯುವುದು. ಇಳಿದಾಗ ಎರಡು ಮಂಡಿ ಒಂದಕ್ಕೊಂದು ತಾಗುವ ಹಾಗೆ ಒಳಗೆ ಬಾಗಬಾರದು. ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಯಾರೂ ಗುದ್ದದೆ, ಬರೀ ಇಳಿಯುವಾಗ, ಗಕ್ಕನೆ ತಿರುಗುವಾಗಲೇ ಅದು ಹೆಚ್ಚಾಗಿ ಆಗುವುದು. ನೋವು ಜಾಸ್ತಿ ಇದ್ದ ದಿನ ಈ ಹಾರಾಟ ಬಿಟ್ಟು ಒಂಟಿ ಕಾಲಿನಲ್ಲಿ ನಿಲ್ಲುವುದು.

ಆಮೇಲೆ ಐದು ನಿಮಿಷ ಬರೀ ಎಡಗೈ ಡ್ರಿಬಲ್. ಮಂಡಿಯ ಎತ್ತರಕ್ಕಿಂತ ಮೇಲೆ ಬರದ ಹಾಗೆ, ಜೋರಾಗಿ. ಕಣ್ಣು ಚೆಂಡಿನ ಮೇಲೆ ಇರಬಾರದು. ಇದಕ್ಕೆ ಅಜ್ಜನ ಸಹಾಯ ಸಿಕ್ಕಿತು. ಜಗಲಿಯಲ್ಲಿ ಕೂತ ಅಜ್ಜ ಆಗಾಗ ಬೆರಳು ಎತ್ತಿ ತೋರಿಸುತ್ತಾರೆ, ಇವಳು ಡ್ರಿಬಲ್ ಬಿಡದೆ ಎಷ್ಟು ಅಂತ ಕೂಗಬೇಕು. ಅಜ್ಜನಿಗೂ ಅದು ಸಂಜೆಯ ಕೆಲಸವಾಯಿತು. ಒಂದು ದಿನ ಇವಳು ಬರುವುದು ತಡವಾದರೆ, "ಎಲ್ಲಿ ಪುಟ್ಟಿ, ಲೆಕ್ಕ ಶುರು ಮಾಡಲ್ವಾ?" ಎಂದು ಅವರೇ ಕೇಳುತ್ತಿದ್ದರಂತೆ.

ಮುಂದಿನ ಏಳು ನಿಮಿಷ ಎಡಗೈ ಲೇಅಪ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಹೆಚ್ಚಿನ ಮಕ್ಕಳು ಎಡವುವುದು ಕೈಯಲ್ಲಲ್ಲ, ಕಾಲಿನಲ್ಲಿ. ಎಡಗೈ ಲೇಅಪ್‌ಗೆ ಹೆಜ್ಜೆ ಎಡ, ಬಲ. ಬಲಗಾಲಿನಿಂದ ಮೇಲಕ್ಕೆ ಚಿಮ್ಮಬೇಕು, ಎಡ ಮಂಡಿ ಮತ್ತು ಎಡಗೈ ಒಟ್ಟಿಗೆ ಮೇಲೇಳಬೇಕು. ಬಲಗೈ ಲೇಅಪ್ ಅನ್ನೇ ವರ್ಷಗಟ್ಟಲೆ ಮಾಡಿದವರಿಗೆ ಎಡಗಾಲಿನಿಂದ ಹಾರುವುದೇ ರೂಢಿ. ಎಡಗಡೆಯಿಂದ ಬಂದಾಗಲೂ ಎಡಗಾಲೇ ನೆಲ ಒತ್ತುತ್ತದೆ, ಮೈ ಅಡ್ಡ ತಿರುಗುತ್ತದೆ, ಚೆಂಡು ಬಲಗೈಗೆ ಹೋಗುತ್ತದೆ. ಪುಟ್ಟಿಗೆ ಆಗುತ್ತಿದ್ದದ್ದು ಅದೇ. ಅದಕ್ಕೆ ಮೊದಲ ವಾರ ಚೆಂಡೇ ಕೊಡಲಿಲ್ಲ. ರಿಂಗಿನ ಎಡಗಡೆ ನಿಂತು "ಎಡ, ಬಲ" ಅಂತ ಬಾಯಲ್ಲಿ ಹೇಳುತ್ತ ಎರಡು ಹೆಜ್ಜೆ ಹಾಕಿ, ಎಡಗೈ ಎತ್ತಿ ಚೌಕದ ಮೂಲೆ ತೋರಿಸುವುದು. ಎರಡನೇ ವಾರ ಚೆಂಡು ಬಂತು, ಡ್ರಿಬಲ್ ಇಲ್ಲದೆ. ಮೂರನೇ ವಾರ ಒಂದು ಡ್ರಿಬಲ್. ಆಮೇಲೆ ಫ್ರೀ ಥ್ರೋ ಗೆರೆಯಾಚೆಯಿಂದ ಪೂರ್ತಿ ವೇಗದಲ್ಲಿ. ಮಂಡಿ ನೋವಿನ ದಿನ ಹಾರದೆ, ರಿಂಗಿನ ಅಡಿಯಲ್ಲಿ ನಿಂತು ಎಡಗೈ, ಬಲಗೈ ಬದಲಾಯಿಸುತ್ತ ಎರಡೂ ಕಡೆಯಿಂದ ಬೋರ್ಡಿಗೆ ಹಾಕುವುದು. ಇದಕ್ಕೆ ಮೈಕನ್ ಡ್ರಿಲ್ ಅನ್ನುತ್ತಾರೆ. ಅಮೆರಿಕದ ಹಳೆಯ ಆಟಗಾರ ಜಾರ್ಜ್ ಮೈಕನ್ ಹೆಸರಿನಲ್ಲಿ ಬಂದದ್ದು.

ನಂತರ ನಾಲ್ಕು ನಿಮಿಷ ಎಲ್ಲ ಕಲೆಸುವುದು. ಎರಡು ಹವಾಯಿ ಚಪ್ಪಲಿ ನೆಲಕ್ಕೆ ಇಟ್ಟು ಅವೇ ಡಿಫೆಂಡರ್ (ಅಡ್ಡ ನಿಲ್ಲುವ ಎದುರಾಳಿ) ಅಂದುಕೊಳ್ಳುವುದು. ತಮ್ಮ ಇದ್ದರೆ ಅವನು ಕೊನೇ ಗಳಿಗೆಯಲ್ಲಿ ಎಡ ಅಥವಾ ಬಲ ಅಂತ ಕೂಗುತ್ತಾನೆ. ಯಾರೂ ಇಲ್ಲದಿದ್ದರೆ ಒಂದು ನಿಯಮ. ಹಿಂದಿನದು ಬಿದ್ದರೆ ಅದೇ ಕಡೆಯಿಂದ, ತಪ್ಪಿದರೆ ಇನ್ನೊಂದು ಕಡೆಯಿಂದ, ಒಮ್ಮೆ ಲೇಅಪ್, ಒಮ್ಮೆ ನಿಂತು ಶಾಟ್. ಹೀಗೆ ಕಲೆಸಿದಾಗ ಸ್ಕೋರ್ ಇಳಿಯುತ್ತದೆ, ಮಕ್ಕಳಿಗೆ ಬೇಜಾರಾಗುತ್ತದೆ. ಆದರೂ ಬಿಡಬಾರದು. 1978ರಲ್ಲಿ ಕೆರ್ ಮತ್ತು ಬೂತ್ ಅನ್ನುವ ಸಂಶೋಧಕರು ಎಂಟು ವರ್ಷದ ಮಕ್ಕಳಿಂದ ಚಿಕ್ಕ ಚೀಲವನ್ನು ಗುರಿಗೆ ಎಸೆಯಿಸಿ ನೋಡಿದ್ದರು. ಒಂದು ಗುಂಪು ಮೂರು ಅಡಿ ದೂರದಿಂದ ಮಾತ್ರ ಎಸೆಯಿತು. ಇನ್ನೊಂದು ಗುಂಪು ಎರಡು ಮತ್ತು ನಾಲ್ಕು ಅಡಿಯಿಂದ ಎಸೆಯಿತು, ಮೂರಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಮೂರಡಿಯ ಪರೀಕ್ಷೆ ಇಟ್ಟಾಗ ಚೆನ್ನಾಗಿ ಎಸೆದದ್ದು ಎರಡನೇ ಗುಂಪು. ಬದಲಾಗುತ್ತಿರುವುದಕ್ಕೆ ಹೊಂದಿಕೊಳ್ಳುವುದನ್ನು ಕೈ ಕಲಿತಿತ್ತು. ಮ್ಯಾಚಿನಲ್ಲಿ ಒಂದೇ ಜಾಗದಿಂದ ಸಾಲಾಗಿ ಇಪ್ಪತ್ತು ಶಾಟ್ ಯಾರೂ ಕೊಡುವುದಿಲ್ಲವಲ್ಲ.

ಕೊನೆಯ ಐದು ನಿಮಿಷ ಫ್ರೀ ಥ್ರೋ, ಸುಸ್ತಾಗಿರುವಾಗಲೇ. ಎರಡು ಹಾಕುವುದು, ಅಂಗಳದ ತುದಿ ಮುಟ್ಟಿ ಓಡಿ ಬರುವುದು, ಮತ್ತೆ ಎರಡು. ಮ್ಯಾಚಿನಲ್ಲೂ ಸಿಗುವುದು ಹೀಗೇ, ಎರಡೆರಡು, ಅದೂ ಏದುಸಿರಿನಲ್ಲಿ. ಚೆಂಡು ಎತ್ತುವ ಮೊದಲು ಒಂದು ಉಸಿರು ಪೂರ್ತಿ ಬಿಡಬೇಕು, ಮಂಡಿ ಬಗ್ಗಬೇಕು. ನೋಟ್‌ಬುಕ್ಕಿನಲ್ಲಿ ಎಷ್ಟು ಬಿತ್ತು ಅನ್ನುವುದರ ಪಕ್ಕ ಇನ್ನೊಂದು ಸಾಲು: ತಪ್ಪಿದ್ದು ಮುಂದೆ ತಾಗಿತೋ, ಹಿಂದೆಯೋ, ಪಕ್ಕಕ್ಕೋ. ಈ ಸಾಲೇ ನನಗೆ ಹೆಚ್ಚು ಹೇಳಿತು. ಮೇ ಕೊನೆಗೆ "ಮುಂದೆ" ಅನ್ನುವುದು ಕಮ್ಮಿಯಾಗಿ "ಹಿಂದೆ" ಬರತೊಡಗಿತು. ಬಿದ್ದವುಗಳ ಸಂಖ್ಯೆ ಅಷ್ಟೇ ಇತ್ತು. ಆದರೂ ಕಾಲು ಕೆಲಸ ಮಾಡುತ್ತಿದೆ ಅಂತ ಗೊತ್ತಾಯಿತು.

ಅಪ್ಪನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಮೇಷ್ಟ್ರೇ, ಬರೀ ಇಪ್ಪತ್ತೈದು ನಿಮಿಷಕ್ಕೆ ಏನಾಗ್ತದೆ? ಬೆಂಗಳೂರಿನ ಮಕ್ಕಳು ದಿನಾ ಎರಡು ಗಂಟೆ ಆಡ್ತಾರಂತೆ."

"ಆಡ್ತಾರೆ, ನಿಜ. ಆ ಎರಡು ಗಂಟೆಯಲ್ಲಿ ಒಂದೊಂದು ಮಗುವಿನ ಕೈಗೆ ಚೆಂಡು ಎಷ್ಟು ಹೊತ್ತು ಬರ್ತದೆ ನೋಡಿ. ಇಲ್ಲಿ ಇಪ್ಪತ್ತೈದು ನಿಮಿಷವೂ ಚೆಂಡು ಇವಳ ಕೈಯಲ್ಲೇ."

ಅವರು ಪೂರ್ತಿ ಒಪ್ಪಲಿಲ್ಲ. ಅವರ ಮಾತಿನಲ್ಲೂ ಸತ್ಯ ಇದೆ. ಒಬ್ಬಳೇ ಮಾಡುವ ಪ್ರಾಕ್ಟೀಸ್ ಟೀಮ್ ಆಟದ ಜಾಗಕ್ಕೆ ಬರಲಾರದು. ಎದುರಾಳಿಯ ಮೈ ತಾಗಿದಾಗ ಏನು ಮಾಡಬೇಕು ಅಂತ ಚಪ್ಪಲಿ ಕಲಿಸುವುದಿಲ್ಲ. ಅದಕ್ಕೇ ರಜೆಯಲ್ಲಿ ಶನಿವಾರಗಳಂದು ಅಣ್ಣ, ತಮ್ಮ, ಪಕ್ಕದ ಮನೆಯ ಮಕ್ಕಳನ್ನು ಸೇರಿಸಿ ಮೂರು ಮೂರು ಜನರ ಆಟ ಆಡಿಸಿದೆವು. ಇದಕ್ಕೆ ಒಂದೇ ರಿಂಗ್, ಅರ್ಧ ಕೋರ್ಟ್ ಸಾಕು. ಹತ್ತು ನಿಮಿಷ ಅಥವಾ ಯಾರು ಮೊದಲು 21 ಪಾಯಿಂಟ್ ಮಾಡುತ್ತಾರೋ ಅಲ್ಲಿಗೆ ಮುಗಿಯಿತು. ಟೋಕಿಯೋದಿಂದ ಇದು ಒಲಿಂಪಿಕ್ಸ್‌ನಲ್ಲೂ ಇದೆ. ಪೂರ್ತಿ ಕೋರ್ಟ್ ಇಲ್ಲದ, ಹತ್ತು ಜನ ಕೂಡದ ನಮ್ಮ ಹಳ್ಳಿ ಶಾಲೆಗಳಿಗೆ ಹೇಳಿ ಮಾಡಿಸಿದ ಆಟ. ನಮ್ಮ ಕಡೆ ಇದನ್ನು ಇನ್ನೂ ಜಾಸ್ತಿ ಆಡಿಸಬೇಕು ಅನ್ನುವುದು ನನ್ನ ಬಲವಾದ ಆಸೆ.

ಮಳೆ ಮತ್ತು ಕೊಯ್ಲು

ಜೂನಿನಲ್ಲಿ ಅಂಗಳ ಹೋಯಿತು. ಜಗಲಿಯಲ್ಲಿ ಚೆಂಡು ಕುಟ್ಟಿದರೆ ಅಜ್ಜಿ ಸುಮ್ಮನಿರುವುದಿಲ್ಲ. ಕೆಂಪು ಗಾರೆ ನೆಲ, ಹಳೆಯದು. "ನೆಲ ಎದ್ದು ಹೋಗ್ತದೆ, ಆಮೇಲೆ ಯಾರು ಮಾಡಿಸ್ತಾರೆ?" ಅನ್ನುವುದು ಅವರ ಮಾತು, ಸರಿಯಾದ ಮಾತೇ. ಅದಕ್ಕೆ ಜಗಲಿಯ ಪಾಠದಲ್ಲಿ ಚೆಂಡು ನೆಲಕ್ಕೆ ತಾಗುವುದೇ ಇಲ್ಲ. ಹದಿನೈದು ನಿಮಿಷ ಅಷ್ಟೇ. ಚಾಪೆ ಮೇಲೆ ಅಂಗಾತ ಮಲಗಿ ಚೆಂಡನ್ನು ನೇರ ಮೇಲಕ್ಕೆ ಬಿಟ್ಟು, ಅದೇ ಜಾಗಕ್ಕೆ ವಾಪಸ್ ಬರುವ ಹಾಗೆ ಮಾಡುವುದು. ಪಕ್ಕಕ್ಕೆ ಹೋದರೆ ಮಣಿಕಟ್ಟು ತಿರುಗಿದೆ ಅಂತ ಅರ್ಥ. ಎಡಗೈಯಲ್ಲೇ ಚೆಂಡನ್ನು ಸೊಂಟದ ಸುತ್ತ, ಮಂಡಿಯ ಸುತ್ತ ಸುತ್ತಿಸುವುದು. ಎಡ, ಬಲ ಹೆಜ್ಜೆ, ಹಾರದೆ. ಪಿವಟ್, ಅಂದರೆ ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುವುದು. ಕೊನೆಗೆ ತೊಡೆ, ಸೊಂಟದ ಬಲಕ್ಕೆ ಎರಡು ವ್ಯಾಯಾಮ. ಕರೆಂಟ್ ಹೋದರೂ ಇಷ್ಟು ಮಾಡಬಹುದು, ಆಗುಂಬೆ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋಗದ ದಿನ ಯಾವುದು?

ನಿಜವಾದ ಚೆಂಡಿನ ಕೆಲಸ ಆಗ ಶಾಲೆಗೆ ಹೋಯಿತು. ಬೆಳಗಿನ ಬಸ್ಸು ಅವಳನ್ನು ಬೆಲ್ ಹೊಡೆಯುವುದಕ್ಕೆ ಅರ್ಧ ಗಂಟೆ ಮೊದಲೇ ಇಳಿಸುತ್ತದೆ. ಅಲ್ಲಿಯವರೆಗೆ ಆ ಅರ್ಧ ಗಂಟೆ ಹರಟೆಗೆ ಹೋಗುತ್ತಿತ್ತು. ಮಳೆ ಹೊಳವಾದ ದಿನ ಕೋರ್ಟ್ ಒಣಗಿದ್ದರೆ ಅಲ್ಲಿ ಎಡಗೈ ಲೇಅಪ್ ಮತ್ತು ಫ್ರೀ ಥ್ರೋ ಮಾತ್ರ, ಡ್ರಿಬಲ್ ವ್ಯಾಯಾಮ ಬೇಡ. ಕೋರ್ಟ್ ಒದ್ದೆ ಇದ್ದರೆ ಶಾಲೆಯ ಕಾರಿಡಾರಿನಲ್ಲಿ ಎಡಗೈ ಡ್ರಿಬಲ್. ಒದ್ದೆ ಕೋರ್ಟಿನಲ್ಲಿ ಲೇಅಪ್ ಬೇಡವೇ ಬೇಡ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಸಿದ್ದೆ.

ತಾಲ್ಲೂಕು ಪಂದ್ಯದ ಹೊತ್ತಿಗೆ ಪಿ.ಟಿ. ಮೇಷ್ಟ್ರಿಗೆ ಒಂದು ಕೆಲಸ ಕೇಳಿಕೊಂಡೆ. ಅವಳ ಎಡಗೈ ಲೇಅಪ್ ಎಷ್ಟು ಬಿತ್ತು ಅಂತ ಎಣಿಸಬೇಡಿ, ಎಡಕ್ಕೆ ಎಷ್ಟು ಸಲ ನುಗ್ಗಿದಳು ಅಂತ ಗೀಟು ಹಾಕಿ. ಹೊಸದನ್ನು ಕಲಿಯುವವರು ಮ್ಯಾಚಿನಲ್ಲಿ ಮೊದಮೊದಲು ಕೆಡಿಸುತ್ತಾರೆ. ಬಿದ್ದದ್ದನ್ನೇ ಎಣಿಸಿದರೆ ಎರಡು ತಪ್ಪಿದ ಕೂಡಲೇ ಹಳೆಯ ದಾರಿಗೆ ಓಡುತ್ತಾರೆ. ಅವಳು ನುಗ್ಗಿದಳು. ಮೊದಲ ಪಂದ್ಯದಲ್ಲಿ ಎಡಗಡೆ ಚೆಂಡು ಕಳೆದುಕೊಂಡದ್ದೂ ಇದೆ, ಟೀಮಿನ ಹುಡುಗಿಯರು ಮುಖ ಸಿಂಡರಿಸಿದ್ದೂ ಇದೆ. ಮೇಷ್ಟ್ರು ಅವಳನ್ನು ಆಟದಿಂದ ಹೊರಗೆ ಕರೆಯಲಿಲ್ಲ. ಈ ಇಡೀ ವರ್ಷದಲ್ಲಿ ಯಾರಾದರೂ ದೊಡ್ಡ ಕೆಲಸ ಮಾಡಿದ್ದರೆ ಅದು ಅವರು. ಮುಂದಿನ ಪಂದ್ಯದಲ್ಲಿ ಎದುರು ತಂಡದವಳು ಎಂದಿನಂತೆ ಬಲಗಡೆ ಕಾದು ನಿಂತಿದ್ದಳು. ಪುಟ್ಟಿ ಎಡಕ್ಕೆ ಹೋದಳು. ಲೇಅಪ್ ಹಾಕಲಿಲ್ಲ, ತಡೆಯಲು ಬಂದ ಎರಡನೆಯವಳ ಬೆನ್ನ ಹಿಂದೆ ಖಾಲಿ ಇದ್ದ ಗೆಳತಿಗೆ ಪಾಸ್ ಕೊಟ್ಟಳು. ಎಡಗೈ ಬಂದದ್ದಕ್ಕೆ ಅವಳ ಆ ಕಣ್ಣಿಗೂ ಹೊಸ ದಾರಿ ಸಿಕ್ಕಿತು. ಇದನ್ನು ನಾನು ಪ್ಲಾನಿನಲ್ಲಿ ಬರೆದಿರಲಿಲ್ಲ.

ಜಿಲ್ಲಾ ಮಟ್ಟದಲ್ಲಿ ಅವರ ತಂಡ ಸೋತಿತು. ಎದುರು ತಂಡ ಎತ್ತರದಲ್ಲೂ ಅನುಭವದಲ್ಲೂ ಮೇಲಿತ್ತು. ಫ್ರೀ ಥ್ರೋ ಸ್ವಲ್ಪ ಸುಧಾರಿಸಿದೆ, ಜಾಸ್ತಿ ಅಲ್ಲ. ಎಡಗೈ ಲೇಅಪ್ ಖಾಲಿ ಇದ್ದಾಗ ಬೀಳುತ್ತದೆ, ಯಾರಾದರೂ ಪಕ್ಕದಲ್ಲಿ ಒತ್ತಿಕೊಂಡು ಬಂದರೆ ಇನ್ನೂ ತಪ್ಪುತ್ತದೆ. ಮಂಡಿ ನೋವು ಕಮ್ಮಿಯಾಗಿದೆ.

ಕೊಯ್ಲಿನ ಕಾಲದಲ್ಲಿ ಪ್ಲಾನ್ ಅನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆವು. ಸಂಜೆ ಎರಡು ಗಂಟೆ ಕೂತು ಅಡಿಕೆ ಸುಲಿದ ಕೈಗೆ, ಬೆರಳಿಗೆ, ಬೆನ್ನಿಗೆ ಅದೂ ಒಂದು ಪ್ರಾಕ್ಟೀಸೇ. ಅದನ್ನು ಲೆಕ್ಕಕ್ಕೆ ಹಿಡಿಯದೆ ಮೇಲೆ ಇನ್ನೊಂದು ಹೇರುವುದು ನ್ಯಾಯವಲ್ಲ. ವಾರಕ್ಕೆ ಎರಡು ಬೆಳಿಗ್ಗೆ, ಶಾಲೆಯಲ್ಲಿ, ಹತ್ತು ಹನ್ನೆರಡು ನಿಮಿಷ. ಕಲಿತದ್ದು ಮರೆಯದಿದ್ದರೆ ಸಾಕು. ಹೀಗೆ ಇಳಿಸುವುದನ್ನು ಮೊದಲೇ ಬರೆದಿಟ್ಟದ್ದರಿಂದ ಅವಳಿಗೆ ತಪ್ಪಿತಸ್ಥ ಭಾವನೆ ಬರಲಿಲ್ಲ, ಬಿಟ್ಟುಬಿಡುವ ಮಾತೂ ಬರಲಿಲ್ಲ.

ಫೆಬ್ರವರಿಯಲ್ಲಿ ಅಂಗಳ ಖಾಲಿಯಾದಾಗ ಮುಂದಿನ ವರ್ಷದ ಪ್ಲಾನ್ ಅವಳೇ ಬರೆದು ತಂದಳು. ಎಸ್‌ಎಸ್‌ಎಲ್‌ಸಿ ವರ್ಷ, ಅಮ್ಮನ ಷರತ್ತು ಬೇರೆ ಇದೆ. ಟ್ಯೂಷನ್ ಇರುವ ದಿನಗಳನ್ನು ತಾನೇ ಕಾಟು ಹಾಕಿ, ವಾರಕ್ಕೆ ಮೂರು ಸಲ, ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದಳು. ಎಡಗೈ ಡ್ರಿಬಲ್‌ಗೆ ಎರಡೇ ನಿಮಿಷ. ಆ ಜಾಗಕ್ಕೆ ಹೊಸದೊಂದು: ಎಡಕ್ಕೆ ಎರಡು ಡ್ರಿಬಲ್, ಗಕ್ಕನೆ ನಿಂತು ಶಾಟ್. ಒತ್ತಿಕೊಂಡು ಬರುವವರಿಗೆ ಉತ್ತರ ಅದು. ಪಕ್ಕದಲ್ಲಿ ಅವಳ ಅಕ್ಷರದಲ್ಲಿ, "ತಮ್ಮ ದಿಂಬು ಹಿಡಿದು ಪಕ್ಕದಿಂದ ತಳ್ಳಬೇಕು" ಎಂದಿತ್ತು. ನಾನು ಸೇರಿಸಿದ್ದು ಒಂದೇ. ದಿಂಬಿನಿಂದ ತಳ್ಳುವುದು ಹೆಗಲಿಗೆ ಮಾತ್ರ, ಅವಳು ಗಾಳಿಯಲ್ಲಿ ಇರುವಾಗ ಬೇಡ ಅಂತ ತಮ್ಮನಿಗೂ ಅಪ್ಪನಿಗೂ ಹೇಳಿ ಬಂದೆ.